ಹದಿನಾರನೇ ಸಂಧಿಯ ತೊಟ್ಟಿಲು

ಏಕಸಂಬಿಯಿಂದ ಎರಡು ಮೈಲಿ ಆಚೆ ಹುಣಸೀಮಡ್ಡಿ ಎಂಬ ಊರು. ಆ ಊರಲ್ಲಿ ಅಣ್ಣಾಸಾಬ ಎಂಬ ನಲವತ್ತಾರು ವರ್ಷದ ಹುಡುಗನಿದ್ದ. ಹುಡುಗ ಎಂದವರು ನಾವಲ್ಲ, ಸಕ್ಕರೆ ಕಾರ್ಖಾನೆಯವರು. ಸುಗ್ಗಿಯಲ್ಲಿ ಹೊಲದ ದಂಡೆಗೆ ಕೂತು ಇವತ್ತು ಯಾರ ಕಬ್ಬು ಕಡಿಯಬೇಕು, ಯಾವ ಗಾಡಿಗೆ ಹೇರಬೇಕು ಎಂದು ಚೀಟಿ ಬರೆದು ಕೊಡುವುದು ಅವನ ಕೆಲಸ. ಆ ಕೆಲಸಕ್ಕೆ ಕಾರ್ಖಾನೆ ಇಟ್ಟ ಹೆಸರು ಸ್ಲಿಪ್ ಬಾಯ್. ಮೀಸೆ ನರೆತರೂ, ಮಗಳಿಗೆ ಮದುವೆಯಾಗಿ ತಾನು ಅಜ್ಜನಾದರೂ ಅಣ್ಣಾಸಾಬ ಬಾಯ್ ಆಗಿಯೇ ಉಳಿದ. ಇಷ್ಟು ವರ್ಷ ಬಾಯ್ ಆಗಿದ್ದ ಮನುಷ್ಯನಿಗೆ ಒಮ್ಮೆಯಾದರೂ ದೊಡ್ಡವನಾಗಬೇಕು ಅನ್ನಿಸಿದರೆ ಅದನ್ನು ತಪ್ಪು ಎನ್ನಲಾಗದು.

ದೊಡ್ಡವನಾಗುವ ಯೋಗ ನಿಪ್ಪಾಣಿಯ ಒಂದು ರದ್ದಿ ಅಂಗಡಿಯಲ್ಲಿ ಅವನಿಗಾಗಿ ಕಾದಿತ್ತು. ಚೀಟಿಗಳು ಗಾಳಿಗೆ ಹಾರಿಹೋಗುತ್ತಿದ್ದವು. ಕಲ್ಲು ಇಟ್ಟರೆ ಚೀಟಿ ಹರಿಯುತ್ತಿತ್ತು. ರದ್ದಿ ಅಂಗಡಿಯಲ್ಲಿ ಇಟ್ಟಂಗಿಯಷ್ಟು ದಪ್ಪದ ಒಂದು ಪುಸ್ತಕ ಕಂಡಿತು. ಭಾರಕ್ಕೆ ಚಲೋ ಆಯಿತು ಎಂದು ತಂದ. ಅದು ಹಳಗನ್ನಡದ ಕಠಿಣ ಪದಗಳ ನಿಘಂಟು, ಮೊದಲನೆಯ ಸಂಪುಟ. ಅ ಎಂಬಲ್ಲಿ ಶುರುವಾಗಿ ಔ ಎಂಬಲ್ಲಿಗೆ ಮುಗಿಯುತ್ತಿತ್ತು. ಕ ದಿಂದ ಮುಂದಿನ ಸಂಪುಟಗಳು ಎಲ್ಲಿವೆ ಎಂದು ಅಂಗಡಿಯವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಚೀಟಿಯ ಮೇಲಿಡಲು ಸ್ವರಾಕ್ಷರಗಳಷ್ಟೇ ಸಾಕಿದ್ದವು.

ಆದರೆ ಊರಿನವರ ಕಣ್ಣಿಗೆ ಕಂಡದ್ದು ಬೇರೆ. ಕಬ್ಬಿನ ಹೊಲದಲ್ಲಿ, ಮಟಮಟ ಮಧ್ಯಾಹ್ನ, ಇಂಥ ಪುಸ್ತಕ ಮುಂದಿಟ್ಟುಕೊಂಡು ಕೂತವನು ಸಾಮಾನ್ಯನಲ್ಲ ಎಂದು ಅವರು ತೀರ್ಮಾನಿಸಿದರು. ಗಾಡಿ ಬರುವುದು ತಡವಾದಾಗ ಅಣ್ಣಾಸಾಬ ನಾಲ್ಕು ಹಾಳೆ ತಿರುವಿ ಹಾಕುತ್ತಿದ್ದುದೂ ನಿಜ. ಹೀಗೆ ಮೂರು ಸುಗ್ಗಿಯಲ್ಲಿ ಅವನಿಗೆ ಅ ದಿಂದ ಔ ವರೆಗಿನ ಪದಗಳು ಸಾಕಷ್ಟು ಬಾಯಿಗೆ ಬಂದಿದ್ದವು. ಯಾರಾದರೂ "ಏನ ಓದಾಕತ್ತೀಯಪಾ?" ಎಂದರೆ "ಹಳೇದ ಐತಿ, ನಿಮಗ ತಿಳಿಯೂದಿಲ್ಲ" ಎನ್ನುತ್ತಿದ್ದ. ತನಗೂ ತಿಳಿಯುವುದಿಲ್ಲ ಎಂಬ ಉಳಿದರ್ಧವನ್ನು ಹೇಳುವ ಪ್ರಸಂಗ ಬಂದಿರಲಿಲ್ಲ.

ಆ ಪ್ರಸಂಗ ೨೦೦೯ರ ಶ್ರಾವಣದಲ್ಲಿ ಬಂತು.

ಹುಣಸೀಮಡ್ಡಿಯ ಹಣಮಪ್ಪನ ಗುಡಿಯಲ್ಲಿ ಶ್ರಾವಣ ತಿಂಗಳು ಪೂರ್ತಿ ಸಂಜೆ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು. ದಿನಕ್ಕೊಂದು ಸಂಧಿ, ದಿನಕ್ಕೊಂದು ಮನೆಯ ಸೇವೆ. ಪುಸ್ತಕದ ಮೊದಲ ಹಾಳೆಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ಹೀಗಾಗಿ ಪುರಾಣದ ಹೆಸರೂ ಯಾರಿಗೂ ಗೊತ್ತಿಲ್ಲ, ಯಾವ ಸಂಧಿಯಲ್ಲಿ ಏನಿದೆ ಎಂಬ ಪಟ್ಟಿಯೂ ಇಲ್ಲ. ಹಾಡುವವನು ಹಿಟ್ಟಿನ ಗಿರಣಿಯ ಭರಮು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಟ್ಟಿಯಾದ ಕಂಠ. ಇಪ್ಪತ್ತೆರಡು ವರ್ಷದಿಂದ ಹಾಡುತ್ತಿದ್ದ, ಒಂದು ಪದದ ಅರ್ಥವೂ ಗೊತ್ತಿರಲಿಲ್ಲ. "ಬೀಸೂದಷ್ಟ ನನ್ನ ಕೆಲಸ, ರೊಟ್ಟಿ ಬಡಿಯೂದು ಅವರ ಕೆಲಸ" ಎಂದು ಅವನು ಇದನ್ನು ಗಿರಣಿಯ ಭಾಷೆಯಲ್ಲೇ ವಿವರಿಸುತ್ತಿದ್ದ.

ಅರ್ಥ ಹೇಳುವವರು ಮುರಗೆಪ್ಪ ಮಾಸ್ತರರು. ವಯಸ್ಸು ಎಂಬತ್ತರ ಹತ್ತಿರ, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಇನ್ನರ್ಧ ಜನಕ್ಕೆ ಕಲಿಸಲು ಹೋಗಿ ಸೋತವರು. ಅಣ್ಣಾಸಾಬ ಎರಡನೇ ಪಂಗಡದವನು. ಪುಸ್ತಕದ ವಿಷಯದಲ್ಲಿ ಮಾಸ್ತರರು ಭಾರೀ ಕಟ್ಟುನಿಟ್ಟು. ಹೆಂಗಸರು ಪೂಜೆಗೆ ಬಂದರೆ ಅರಿಶಿಣ ಕುಂಕುಮವನ್ನು ಪುಸ್ತಕವಿಡುವ ವ್ಯಾಸಪೀಠಕ್ಕೆ ಹಚ್ಚಬೇಕು, ಹಾಳೆಗೆ ಬೆರಳು ತಾಕಿಸುವಂತಿಲ್ಲ. ಆ ವರ್ಷ ಅವರ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ ಬಂದು, ಮಗಳು ಅವರನ್ನು ಮಿರಜಿಗೆ ಕರೆದೊಯ್ದು ಆಪರೇಷನ್ ಮಾಡಿಸಿ ಅಲ್ಲೇ ಇಟ್ಟುಕೊಂಡಳು. ಒಂದು ತಿಂಗಳು ಪುಸ್ತಕ ಮುಟ್ಟಬಾರದು ಎಂದು ಡಾಕ್ಟರರ ಅಪ್ಪಣೆಯಾಯಿತು.

ಗುಡಿಯ ಕಮಿಟಿಯ ಅಧ್ಯಕ್ಷರು ಬಾಬಾಸಾಹೇಬರು. ಇಪ್ಪತ್ತು ಎಕರೆ ಕಬ್ಬು, ಕಾಗವಾಡದ ಕಡೆ ದ್ರಾಕ್ಷಿ ತೋಟ ಇದ್ದವರು. ಅವರು ಸಭೆ ಸೇರಿಸಿದರು.

"ಅರ್ಥ ಹೇಳೂರು ಯಾರು? ಪುರಾಣ ನಿಂದ್ರಿಸಾಕ ಬರಂಗಿಲ್ಲ."

"ಅಣ್ಣಾಸಾಬ ಅದಾನಲ್ರಿ, ಹೊಲದಾಗ ಕುಂತು ಅಷ್ಟದಪ್ಪ ಪುಸ್ತಕ ಓದತಾನ" ಎಂದ ಭರಮು.

ಎಲ್ಲರ ಕಣ್ಣೂ ಅಣ್ಣಾಸಾಬನ ಕಡೆ ತಿರುಗಿದವು. ಆಗ ಅವನು "ನನಗ ಬರಂಗಿಲ್ರಿ" ಎಂಬ ಎರಡು ಪದ ಹೇಳಿದ್ದರೆ ನಮಗೆ ಈ ಕಥೆಯೂ ಅವನಿಗೆ ಆ ಬೆವರೂ ಇರುತ್ತಿರಲಿಲ್ಲ. ಅವನು ಅಂದದ್ದು "ನೋಡೂಣಂತ್ರಿ" ಎಂದು. ನಮ್ಮ ಕಡೆ ನೋಡೂಣು ಎಂದರೆ ಒಪ್ಪಿದ ಹಾಗೆ. ಬಾಬಾಸಾಹೇಬರು ಅಲ್ಲೇ ಒಂದು ಟವೆಲ್ ತರಿಸಿ ಹೆಗಲಿಗೆ ಹಾಕಿದರು.

ಮೊದಲ ಸಂಜೆ ಭರಮು ಒಂದು ಪದ್ಯ ಹಾಡಿ ನಿಲ್ಲಿಸಿದ. ಅಣ್ಣಾಸಾಬ ಕಣ್ಣು ಮುಚ್ಚಿದ. ಜನ ಅದನ್ನು ಧ್ಯಾನ ಎಂದುಕೊಂಡರು. ಅವನು ಪದ್ಯದೊಳಗೆ ಸ್ವರದಿಂದ ಶುರುವಾಗುವ ಪದ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದ. ಮೊದಲ ದಿನವೇ 'ಉರಗ' ಸಿಕ್ಕಿತು.

"ಉರಗ ಅಂದ್ರ ಹಾವು" ಎಂದು ಕಣ್ಣು ತೆರೆದ. ಅಲ್ಲಿಂದ ಹೋದ ವರ್ಷ ಬಾಬಾಸಾಹೇಬರ ಕಬ್ಬಿನಲ್ಲಿ ಹೊರಟ ಹಾವು, ಅದನ್ನು ಕಂಡು ಓಡಿದ ಕಡಿಯುವವರು, ಓಡುವಾಗ ಬಿದ್ದ ಟ್ರ್ಯಾಕ್ಟರ್ ಡ್ರೈವರ್, ಎಲ್ಲ ಬಂತು. ಉಳಿದ ಪದ್ಯದಲ್ಲಿ ಏನಿತ್ತೋ ಆ ಹಣಮಪ್ಪನಿಗೇ ಗೊತ್ತು. ಜನ ನಕ್ಕು ನಕ್ಕು ಸುಸ್ತಾದರು. ಮಾಸ್ತರರು ಹೇಳುತ್ತಿದ್ದಾಗ ಅರ್ಧ ಜನ ತೂಕಡಿಸುತ್ತಿದ್ದರು. ಈಗ ಹಿಂದಿನ ಸಾಲಿನ ರುಕ್ಮವ್ವ ಕೂಡ ಎಚ್ಚರವಿದ್ದು, "ಎಷ್ಟ ತಿಳಿಯೂಹಂಗ ಹೇಳ್ತಾನ ನಮ್ಮವ್ವಾ" ಎಂದು ಸೊಸೆಗೆ ಹೇಳಿದಳು.

ಎರಡನೇ ದಿನ 'ಇಳೆ' ಸಿಕ್ಕಿತು. ಭೂಮಿ ಎಂದರ್ಥ. ಹೊಲದ ಬಾಂದುಕಲ್ಲಿನ ಜಗಳಗಳು ಒಂದು ತಾಸು ನಡೆದವು. ನಾಲ್ಕನೇ ದಿನದ ಸಂಧಿಯಲ್ಲಿ 'ಐರಾವತ' ಬಂತು, ಅಣ್ಣಾಸಾಬನಿಗೆ ಹಬ್ಬ. ಆನೆ ಎಂಬುದನ್ನು ಹಿಡಿದು ಸರ್ಕಸ್ಸಿನ ಆನೆ, ಮೆರವಣಿಗೆಯ ಆನೆ, ತಾನು ಮಿರಜಿನಲ್ಲಿ ಬಾಳೆಹಣ್ಣು ತಿನ್ನಿಸಿದ ಆನೆ ಎಂದು ಇಡೀ ಸಂಜೆ ಆನೆಯ ಮೇಲೇ ಕಳೆದ. ಭರಮು ನಡುನಡುವೆ ಹಾಡಿದ ಪದ್ಯಗಳು ಆನೆಯ ಕಾಲಡಿ ಸಿಕ್ಕು ಹೋದವು. ಆ ಪದ್ಯಗಳಲ್ಲೇ ಪುರಾಣದ ನಾಯಕ ಹುಟ್ಟಿದ್ದ. ಅದು ಹೇಳುವವನಿಗೂ ಗೊತ್ತಾಗಲಿಲ್ಲ, ಹಾಡಿದವನಿಗೂ ಗೊತ್ತಾಗಲಿಲ್ಲ, ಕೇಳಿದವರಿಗೂ ಗೊತ್ತಾಗಲಿಲ್ಲ. ಮರುದಿನ ನಾಗರ ಪಂಚಮಿ. ಎಲ್ಲರೂ ಜೋಕಾಲಿ ಆಡಿ ಉಂಡಿ ತಿಂದು ಪುರಾಣವನ್ನೇ ಮರೆತರು.

ಹೆಸರು ಊರು ದಾಟಿತು. ಊರಿನ ಜಮೀನಿನ ಲೆಕ್ಕ ಬರೆಯಲು ಹೊಸದಾಗಿ ಬಂದ ತಲಾಟಿ ವಿಕ್ರಾಂತ ನಿಪ್ಪಾಣಿಯವನು, ಕನ್ನಡದ ನಡುವೆ ಮರಾಠಿ ಸುರಿಯುವವನು. ಅವನು ಕಚೇರಿಯ ಕಪಾಟಿನಲ್ಲಿ ಸಿಕ್ಕ ಒಂದು ಹಳೆಯ ಕಾಗದ ತಂದು, "ಅಣ್ಣಾಸಾಹೇಬ, ಜರಾ ಬಘಾ, ನೋಡ್ರಿ. ಇದರಾಗಿನ ಶಬ್ದ ಯಾರಿಗೂ ಕಳತ ನಾಹಿ, ತಿಳಿಯೂದಿಲ್ಲ" ಎಂದ. ಅಣ್ಣಾಸಾಬ ಕಾಗದವನ್ನು ಬೆಳಕಿಗೆ ಹಿಡಿದು, ತಿರುವಿ, ಮೂಸಿ ನೋಡಿದ. ಸ್ವರಾಕ್ಷರದ ಪದ ಒಂದೂ ಇರಲಿಲ್ಲ.

"ಇದು ಭಾಳ ಹಳೇದ ಐತ್ರಿ" ಎಂದು ಗಂಭೀರವಾಗಿ ಹೇಳಿ ತಿರುಗಿ ಕೊಟ್ಟ. ತಲಾಟಿ ತಲೆಬಾಗಿ, ಆ ಕಾಗದದ ಮೇಲೆ 'ಬಹಳ ಹಳೆಯದು, ತಜ್ಞರ ಅಭಿಪ್ರಾಯ' ಎಂದು ಬರೆದು, ಮತ್ತೆ ಅದೇ ಕಪಾಟಿನಲ್ಲಿಟ್ಟ. ಪಂಚಮಿ ಮುಗಿದ ಮೇಲೆ ಶಾಲೆಯವರು ಕರೆದು ಅಣ್ಣಾಸಾಬನಿಗೆ ಶಾಲು ಹೊದಿಸಿದರು. ಬಾಯ್ ಎಂಬ ಹೆಸರು ಕಾರ್ಖಾನೆಯ ಗೇಟಿನೊಳಗೆ ಉಳಿಯಿತು. ಊರಲ್ಲಿ ಅವನು ಪಂಡಿತನಾದ.

ಹೀಗಿರುವಾಗ ಕಸ್ತೂರೆವ್ವ ಬಂದಳು.

ಕಸ್ತೂರೆವ್ವ ಎಪ್ಪತ್ತರ ಮುದುಕಿ, ಓಣಿಯ ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಅವಳ ಮಗ ಭರತ, ಸೊಸೆ ಶೈಲಾ. ಶೈಲಾ ಈ ಮನೆಗೆ ಬಂದು ಒಂಬತ್ತು ವರ್ಷ. ಎರಡು ಸಲ ಬಸಿರು ನಿಂತಿರಲಿಲ್ಲ. ಈಗ ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಊರಿನ ಒಂದು ಪದ್ಧತಿ ಎಂದರೆ, ಪುರಾಣದಲ್ಲಿ ನಾಯಕ ಹುಟ್ಟುವ ದಿನ ಗುಡಿಯಲ್ಲಿ ತೊಟ್ಟಿಲು ಕಟ್ಟಿ, ಸಕ್ಕರೆ ಪುಟಾಣಿ ಹಂಚುತ್ತಾರೆ. ಆ ತೊಟ್ಟಿಲನ್ನು ಬಸುರಿ ತೂಗಿದರೆ ಅವಳ ಕೂಸು ಸುಖವಾಗಿ ಕೈಗೆ ಬರುತ್ತದೆ ಎಂದು ನಂಬಿಗೆ.

"ತಮ್ಮಾ, ಹುಟ್ಟೂ ಸಂಧಿ ಯಾವತ್ತ ಬರತೈತಿ? ಅವತ್ತಿನ ಸೇವಾ ನಮ್ಮ ಮನೀದು. ನಮ್ಮ ಶೈಲಾ ತೂಗಲಿ."

ಅಣ್ಣಾಸಾಬ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡ. ಗುಡಿಯಲ್ಲಿದ್ದ ಬಾಬಾಸಾಹೇಬರು ಬೇರೆ ಬಾಯಿ ಹಾಕಿದರು. "ಹೌದಲ್ಲ, ವರ್ಷಾ ಪಂಚಮಿ ಆಜೂಬಾಜೂನ ತೊಟ್ಟಿಲ ಆಗತಿತ್ತು. ಈ ವರ್ಷ ಇನ್ನೂ ಆಗೇ ಇಲ್ಲ."

"ಭರಮು ನಿಧಾನ ಓದಾಕತ್ತಾನ್ರಿ. ನಾಳೆ ಲೆಕ್ಕಾ ಹಾಕಿ ಹೇಳ್ತೀನಿ" ಎಂದ ಅಣ್ಣಾಸಾಬ.

ಆ ಮಧ್ಯಾಹ್ನ ಗುಡಿಯ ಕೀಲಿ ತೆಗೆಸಿ, ಪುಸ್ತಕದ ಮುಂದೆ ಒಬ್ಬನೇ ಕೂತ. ಪ್ರತಿ ಸಂಧಿಯ ತಲೆಯ ಮೇಲೆ ಒಂದು ಪದ್ಯ ಇದ್ದೇ ಇತ್ತು. ಆ ಸಂಧಿಯಲ್ಲಿ ಏನು ನಡೆಯುತ್ತದೆ ಎಂದು ಹೇಳುವ ಪದ್ಯ. ಆದರೆ ಅದೂ ಅದೇ ಕಠಿಣ ಕನ್ನಡದಲ್ಲಿತ್ತು. ಅಕ್ಷರಗಳು ಕಾಣುತ್ತಿದ್ದವು, ಒಳಗೆ ಬಿಡುತ್ತಿರಲಿಲ್ಲ. ಕಡೆಗೆ ಓದುವುದನ್ನು ಬಿಟ್ಟು, ಹಾಳೆಗಳನ್ನೇ ನೋಡತೊಡಗಿದ. ಕಬ್ಬಿನ ಹೊಲದಲ್ಲಿ ಚಕ್ರದ ಗುರುತು ನೋಡಿ ಯಾವ ಗಾಡಿ ಹೋಯಿತು ಎಂದು ಹೇಳುವವನಿಗೆ ಇದು ಸಹಜವಾಗಿ ಬಂತು. ಹುಟ್ಟುವ ಸಂಧಿಯಲ್ಲಿ ಪೂಜೆಯಾಗಿರಬೇಕು, ಸಕ್ಕರೆ ಹಂಚಿರಬೇಕು, ಗುರುತು ಬಿದ್ದಿರಬೇಕು. ಹಾಳೆ ತಿರುವಿದ. ಎಲ್ಲವೂ ಸ್ವಚ್ಛ. ಮಾಸ್ತರರ ಶಿಸ್ತಿಗೆ ಶಾಪ ಹಾಕುತ್ತಾ ಇನ್ನೂ ತಿರುವಿದ. ಹದಿನಾರನೇ ಸಂಧಿಯಲ್ಲಿ ಕೈ ನಿಂತಿತು. ಹಾಳೆಯ ಅಂಚಿಗೆ ಐದು ಬೆರಳಿನ ಅರಿಶಿಣ, ನಡುವೆ ಕುಂಕುಮದ ಬೊಟ್ಟು, ಮೂಲೆಯಲ್ಲಿ ಸಕ್ಕರೆಯ ಅಂಟು, ಆ ಅಂಟಿನಲ್ಲಿ ಒಂದು ಪುಟಾಣಿಯ ಸಿಪ್ಪೆ.

ಅಣ್ಣಾಸಾಬನಿಗೆ ಹೋದ ಜೀವ ಬಂದಂತಾಯಿತು. ಆ ಸಂಜೆಯೇ ಘೋಷಿಸಿದ. "ಹುಟ್ಟೂ ಸಂಧಿ ಹದಿನಾರನೇದು."

"ಪಂಚಮಿಗಿಂತ ಇಷ್ಟ ತಡಾನ?" ಎಂದು ಒಬ್ಬಿಬ್ಬರು ತಲೆ ಕೆರೆದರು. ಅವರ ಬಾಯಿ ಮುಚ್ಚಿಸಿದವಳು ಕಸ್ತೂರೆವ್ವ. "ಬರೋಬ್ಬರಿ ಹೇಳ್ಯಾನ. ಭರತ ಹೊಟ್ಟ್ಯಾಗಿದ್ದಾಗ ನಾನೂ ಹದಿನಾರನೇ ದಿನಾನ ತೂಗಿದ್ದೆ. ನನಗ ಪಕ್ಕಾ ನೆನಪೈತಿ."

ಅಣ್ಣಾಸಾಬನಿಗೆ ತನ್ನ ವಿದ್ವತ್ತಿನ ಮೇಲೆ ತನಗೇ ಗೌರವ ಹುಟ್ಟಿತು. ಅದು ಮನೆಗೆ ಹೋಗುವವರೆಗೆ ಮಾತ್ರ ಉಳಿಯಿತು. ಹೆಂಡತಿ ಸುಗಂಧಾ ರೊಟ್ಟಿ ಬಡಿಯುತ್ತಾ ಕೇಳಿದಳು.

"ಏನ್ರಿ, ಅಂವಾ ಹದಿನಾರನೇ ದಿನಾ ಹುಟ್ಟೂದಾದ್ರ, ಇಷ್ಟ ದಿನಾ ಯುದ್ಧ ಮಾಡಾಕತ್ತಾಂವ ಯಾರು?"

"ಅವರಪ್ಪ."

"ಮತ್ತ ಮೊನ್ನೆ ಲಗ್ನಾ ಆತಲ್ಲ?"

"ಅದೂ ಅವರಪ್ಪಂದ."

"ಹೆಸರ ಒಂದ ಐತೆಲ್ರಿ?"

"ದೊಡ್ಡವರ ಮನ್ಯಾಗ ಅಪ್ಪನ ಹೆಸರ ಮಗಗ ಇಡತಾರ. ನಿನಗ ಪುರಾಣ ತಿಳಿಯೂದಿಲ್ಲ, ರೊಟ್ಟಿ ನೋಡು, ಹೊತ್ತಾಕತ್ತೈತಿ."

"ಮಾಸ್ತರಗ ಒಂದ ಫೋನ್ ಹಚ್ಚಿ ಕೇಳ್ರಲ್ಲ. ಜೇಬಿನ್ಯಾಗ ಮೊಬೈಲ್ ಐತಿ."

"ಆಪರೇಷನ್ ಆದವರಿಗೆ ತ್ರಾಸ ಕೊಡಬಾರದು" ಎಂದು ಅಣ್ಣಾಸಾಬ ಸುಟ್ಟ ರೊಟ್ಟಿಯನ್ನೇ ತಿಂದ.

ಹದಿನಾರನೇ ದಿನ ಗುಡಿ ತುಂಬಿ ಹೊರಗಿನ ಕಟ್ಟೆಯೂ ತುಂಬಿತು. ಬಡಿಗೇರನಿಂದ ಹೊಸ ತೊಟ್ಟಿಲು ಬಂದಿತ್ತು. ಶೈಲಾಳ ತವರು ಕಾಗವಾಡ. ಅಲ್ಲಿಂದ ಒಂದು ಟೆಂಪೋ ತುಂಬ ಬೀಗರು, ಬಸುರಿಗೆ ಉಡಿಸುವ ಕುಬಸದ ಸೀರೆ, ಐದು ಥರದ ಬುತ್ತಿ ಸಮೇತ ಇಳಿದರು. ರಾಯಬಾಗದಿಂದ ಕಸ್ತೂರೆವ್ವನ ತಂಗಿಯ ಮನೆಯವರು ಬಂದರು. ತಲಾಟಿ ವಿಕ್ರಾಂತನೂ ಕಚೇರಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ಕೂತ. ಇವರೆಲ್ಲರ ನಡುವೆ ಹಸಿರು ಸೀರೆಯ ಶೈಲಾ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಅಣ್ಣಾಸಾಬ ಪಕ್ಕದಲ್ಲಿ ಹಾದು ಹೋಗುವಾಗ ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಭಾವಾರ, ಚಲೋ ಸಂಧಿ ಐತೆಲ್ರಿ? ಅತ್ತಿಯವರಿಗೆ ಹೇಳಿಲ್ಲ, ನನಗ ಭಾಳ ಅಂಜಿಕಿ ಆಗೈತಿ."

"ಭಾಳ ಚಲೋ ಐತಿ ತಂಗಿ" ಎಂದ. ಇಷ್ಟು ದಿನ ಹಾವು, ಆನೆ, ಬಾಂದುಕಲ್ಲು ಎಂದು ಆಡಿದ್ದು ಆಟ. ಈ ಹುಡುಗಿ ಅದನ್ನು ನಂಬಿ ಹಗ್ಗ ಹಿಡಿದು ಕೂತಿದ್ದಾಳೆ ಎಂಬುದು ಅವನಿಗೆ ಈಗ ತಿಳಿಯಿತು.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಭರತ ಒಬ್ಬರನ್ನು ಕೈಹಿಡಿದು ಕರೆತಂದ. ಕಪ್ಪು ಕನ್ನಡಕ, ಅದರ ಮೇಲೆ ಹಸಿರು ಬಟ್ಟೆಯ ಮರೆ, ಕೈಯಲ್ಲಿ ಕೋಲು. ಮುರಗೆಪ್ಪ ಮಾಸ್ತರರು.

"ಕಸ್ತೂರೆವ್ವ ಹೇಳಿಕಳಸಿದ್ಲು, ಬರಲೇಬೇಕಂತ" ಎಂದು ಮಾಸ್ತರರು ಕಂಬಕ್ಕೆ ಒರಗಿ ಕೂತರು. "ಡಾಕ್ಟರ ಕಣ್ಣ ಬಂದ್ ಇಡು ಅಂದಾನ. ಕಿವಿಗೆ ಏನೂ ಅಂದಿಲ್ಲ. ನಡೀಲಿ."

ಅಣ್ಣಾಸಾಬ ತನಗೇ ಗೊತ್ತಿಲ್ಲದೆ ಎದ್ದು ನಿಂತ. ಮೂರನೇ ಇಯತ್ತೆಯಲ್ಲಿ ಬೆಂಚಿನ ಮೇಲೆ ನಿಲ್ಲುತ್ತಿದ್ದ ಹಾಗೆಯೇ ಕೈ ಕಟ್ಟಿಕೊಂಡ.

ಭರಮು ಶುರು ಮಾಡಿದ. ಮೊದಲ ಪದ್ಯಗಳಲ್ಲಿ ಅಣ್ಣಾಸಾಬ ಹೇಗೋ ಈಜಿದ. 'ಅರಮನೆ' ಸಿಕ್ಕಿತು, 'ಉಡುಗೊರೆ' ಸಿಕ್ಕಿತು, ಕಾಗವಾಡದ ಬೀಗರನ್ನು ಹೊಗಳಿ ಅರ್ಧ ತಾಸು ಕಳೆದ. ಆಮೇಲೆ ಅರಿಶಿಣದ ಬೆರಳಿದ್ದ ಹಾಳೆ ಬಂತು. ಭರಮು ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಎತ್ತಿದ.

ಅರಿದು ಬಿಸುಟನು ದನುಜಕಂಧರ
ಶರಧಿ ಶೋಣಿತವಾಗಲೊಡಲನು
ತೊರೆದುದಸುವೆನೆ ಸುರರು ನಲಿದರು ಕುಸುಮವರ್ಷದಲಿ

ಒಂದು ಸಲ ರಾಗವಾಗಿ ಹಾಡಿ, ಪದ್ಧತಿಯಂತೆ ಎರಡನೇ ಸಲ ಪದ ಪದ ಬಿಡಿಸಿ ಹೇಳಿದ. "ಒಡಲನು... ತೊರೆದುದು... ಅಸು... ಎನೆ..."

ಅಸು. ಅ ಅಕ್ಷರದ ಪದ. ಅಣ್ಣಾಸಾಬನ ಸಂಪುಟದಲ್ಲಿ ಇದ್ದ ಪದ. ಅಸು ಎಂದರೆ ಪ್ರಾಣ. ಒಡಲು ಕೂಡ ಅವನ ಸಂಪುಟದ್ದೇ, ದೇಹ ಎಂದರ್ಥ. ದೇಹವನ್ನು ಪ್ರಾಣ ಬಿಟ್ಟಿತು. ಇದು ಹುಟ್ಟುವ ಪದ್ಯವಲ್ಲ, ಸಾಯುವ ಪದ್ಯ. ಇಷ್ಟು ದಿನ ಒಂದೊಂದು ಪದಕ್ಕಾಗಿ ಹಂಬಲಿಸಿದವನಿಗೆ ಇವತ್ತು ಗೊತ್ತಾಗಬಾರದ ಎರಡು ಪದ ಗೊತ್ತಾಗಿದ್ದವು.

ಬಾಬಾಸಾಹೇಬರು ಸಕ್ಕರೆಯ ತಾಟು ಹಿಡಿದು ನಿಂತಿದ್ದರು. "ಹೇಳಪಾ, ಎಲ್ಲಾರೂ ಕಾಯಾಕತ್ತಾರ."

ಅಣ್ಣಾಸಾಬ ಕಂಬದ ಕಡೆ ನೋಡಿದ. ಮಾಸ್ತರರು ತಲೆ ಎತ್ತಿ ಕೂತಿದ್ದರು. ಅವರಿಗೆ ಪದ್ಯದ ಒಂದೊಂದು ಪದವೂ ಗೊತ್ತು. ಈಗ ಸುಳ್ಳು ಹೇಳಿದರೆ ಇಷ್ಟೂ ಬೀಗರ ಎದುರಿಗೆ ಅವರು ಎದ್ದು ತಿದ್ದುತ್ತಾರೆ. ಟವೆಲ್ಲು, ಶಾಲು, ಪಂಡಿತಿಕೆ ಎಲ್ಲ ಇಲ್ಲೇ ಮೂರಾಬಟ್ಟೆಯಾಗುತ್ತದೆ. ತನಗೆ ಬರುವುದಿಲ್ಲ ಎಂದು ಒಪ್ಪಿಕೊಂಡರೆ ಮಾಸ್ತರರ ಕೈಯಿಂದಲಾದರೂ ಪಾರಾಗಬಹುದು. ಹಾಗೆಂದುಕೊಂಡು ಬಾಯಿ ತೆರೆಯುವಾಗ ಶೈಲಾ ಕಂಡಳು. ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಿದ್ದಳು. ಕಣ್ಣು ಅವನ ಬಾಯಿಯ ಮೇಲೆ ನೆಟ್ಟಿತ್ತು.

"ಕೂಸು ಹುಟ್ಟಿತು" ಎಂದ ಅಣ್ಣಾಸಾಬ. ದನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಕೂಸು ಹುಟ್ಟಿತು. ಏನೂ ತ್ರಾಸ ಇಲ್ಲದ, ಸುಖರೂಪ ಹುಟ್ಟಿತು. ತಾಯಿ, ಕೂಸು ಇಬ್ಬರೂ ಆರಾಮ ಅದಾರ."

ಪುರಾಣದ ಕನ್ನಡ ಒಮ್ಮೆಲೇ ದವಾಖಾನೆಯ ಕನ್ನಡ ಆಗಿತ್ತು. ಜನ ಅದನ್ನು ಗಮನಿಸಲಿಲ್ಲ. ಆದರೆ ಬಾಬಾಸಾಹೇಬರು ಅಧ್ಯಕ್ಷರಲ್ಲವೇ, ಎಲ್ಲಕ್ಕೂ ಒಂದು ಸಿಕ್ಕಾ, ಒಂದು ಮೊಹರು ಬೇಕು. "ಮಾಸ್ತರ, ಅರ್ಥ ಬರೋಬ್ಬರಿ ಐತೆಲ್ರಿ?"

ಮಾಸ್ತರರು ಕನ್ನಡಕದ ಕೆಳಗೆ ಬೆರಳು ಹಾಕಿ ಕಣ್ಣು ಒತ್ತಿಕೊಂಡರು. ಅಣ್ಣಾಸಾಬನಿಗೆ ಆ ಹೊತ್ತು ಒಂದು ಸುಗ್ಗಿಯಷ್ಟು ಉದ್ದವಾಯಿತು.

"ಬರೋಬ್ಬರಿ ಐತಿ" ಎಂದರು ಮಾಸ್ತರರು. ಆಮೇಲೆ ತರಗತಿಯಲ್ಲಿ ಗದರುವ ದನಿಯಲ್ಲೇ, "ಏ ಅಣ್ಣಾಸಾಬ, ಕಡೀ ಸಾಲ ಯಾಕ ಬಿಟ್ಟಿ? ದೇವತಿಗೊಳು ಸಂತೋಷದಿಂದ ಹೂವಿನ ಮಳಿ ಸುರಿಸಿದ್ರು ಅಂತ ಐತಿ. ಅದನ್ನೂ ಹೇಳು."

"ದೇವತಿಗೊಳು ಹೂವಿನ ಮಳಿ ಸುರಿಸಿದ್ರು" ಎಂದ ಅಣ್ಣಾಸಾಬ. ಈ ಒಂದು ವಾಕ್ಯ ಮಾತ್ರ ಆ ಶ್ರಾವಣದಲ್ಲಿ ಅವನು ಹೇಳಿದ ಸರಿಯಾದ ಅರ್ಥ.

ಶೈಲಾ ಉಸಿರು ಬಿಟ್ಟು ತೊಟ್ಟಿಲು ತೂಗಿದಳು. ಹೆಂಗಸರು ಆರತಿ ಎತ್ತಿದರು. ಆಗ ಕಸ್ತೂರೆವ್ವ ಸೊಸೆಯ ಪಕ್ಕಕ್ಕೆ ಬಂದು ಕೂತು, ಹಗ್ಗಕ್ಕೆ ಕೈ ಹಚ್ಚಿ, ಸಣ್ಣಗೆ ಹಾಡತೊಡಗಿದಳು.

"ಜೋ ಜೋ... ಅರಿದು ಬಿಸುಟನು ದನುಜಕಂಧರ, ಜೋ ಜೋ... ಶರಧಿ ಶೋಣಿತವಾಗಲೊಡಲನು..."

ಅಕ್ಷರ ಬಾರದ ಮುದುಕಿ ಒಂದು ಪದವೂ ತಪ್ಪದೆ ಹಾಡುತ್ತಿದ್ದಳು. ಭರತ ನಾಚಿಕೊಂಡು ನಕ್ಕ. "ಅವ್ವ ನನಗ ಇದನ್ನ ಹಾಡಿ ಮಲಗಸ್ತಿದ್ಲ್ರಿ. ನಮ್ಮ ಮನೀ ಜೋಗುಳ ಇದು." ಕಾಗವಾಡದ ಬೀಗರು ಎಂಥ ಸುಸಂಸ್ಕೃತ ಮನೆ ಎಂದು ಮೂಗಿನ ಮೇಲೆ ಬೆರಳಿಟ್ಟರು. ತಲಾಟಿ ವಿಕ್ರಾಂತ "ಕಿತಿ ಗೋಡ, ಎಷ್ಟ ಸಿಹಿ ಐತಿ" ಎಂದು ಕಣ್ಣೊರೆಸಿಕೊಂಡ.

ಸಕ್ಕರೆ ಹಂಚಿ ಮುಗಿದ ಮೇಲೆ ಮಾಸ್ತರರನ್ನು ಮನೆಗೆ ಮುಟ್ಟಿಸುವ ಕೆಲಸ ಅಣ್ಣಾಸಾಬನಿಗೇ ಬಂತು. ಇಬ್ಬರೂ ಬಾಬಾಸಾಹೇಬರ ಕಬ್ಬಿನ ಬದಿಗೆ ಬಂದರು.

"ಆ ಪದ್ಯದ ಅರ್ಥ ಗೊತ್ತೈತೇನಲೇ?" ಎಂದರು ಮಾಸ್ತರರು.

"ಎರಡ ಪದಾ ಗೊತ್ತಾತ್ರಿ."

"ರಾಕ್ಷಸನ ಕುತ್ತಿಗಿ ಕತ್ತರಿಸಿ ಒಗದಾ. ಸಮುದ್ರ ರಗತ ಆತು. ಜೀವಾ ಹೋತು. ಆ ಮುದುಕಿ ಮೂವತ್ತನಾಕ ವರ್ಷದಿಂದ ಇದನ್ನ ಜೋಗುಳಾ ಹಾಡಾಕತ್ತಾಳ."

"ನಂದು ತಪ್ಪಾತ್ರಿ ಮಾಸ್ತರ. ಓದಿದ್ರ ತಿಳೀಲಿಲ್ಲ, ಹಾಳಿ ಮ್ಯಾಲಿನ ಅರಿಶಿಣ ನೋಡಿ ಹೇಳಿದೆ."

ಮಾಸ್ತರರು ಕೋಲು ಊರಿ ನಿಂತರು. "ಆ ಅರಿಶಿಣ ನನ್ನ ಕಾಲದ್ದ."

"ಹಂಗಂದ್ರೇನ್ರಿ?" ಎಂದ ಅಣ್ಣಾಸಾಬ.

"ಭರತ ಹೊಟ್ಟ್ಯಾಗಿದ್ದ ವರ್ಷ ಊರಾಗ ಮೊದಲನೇ ಸಲ ಪುರಾಣ ಹಚ್ಚಿದ್ರು, ನಾ ಅರ್ಥ ಹೇಳಾಕ ಕುಂತಿದ್ದೆ. ಮಾಸ್ತರ ಅಂದ ಮ್ಯಾಲ ಬರತೈತಿ ಅಂತ ಊರವರು ಕುಂಡ್ರಿಸಿದ್ರು. ನಾನೂ ನೋಡೂಣಂತ್ರಿ ಅಂದಿದ್ದೆ. ಸುರರು ನಲಿದರು, ಹೂವಿನ ಮಳಿ ಅಂತ ಓದಿದ ಕೂಡಲೇ ಹುಟ್ಟಿರಬೇಕಂತ ತಿಳದು ತೊಟ್ಟಿಲ ಕಟ್ಟಿಸಿಬಿಟ್ಟೆ. ಕಸ್ತೂರೆವ್ವ ಬೆರಳ ಒರಸಿದ್ದು ಅವತ್ತ. ನಾಕ ತಿಂಗಳ ಆದ ಮ್ಯಾಲ ಚಿಕ್ಕೋಡಿಗೆ ಹೋಗಿ ದೊಡ್ಡವರನ್ನ ಕೇಳಿ ಅರ್ಥ ತಿಳಕೊಂಡೆ. ಮುಂದಿನ ವರ್ಷ ತೊಟ್ಟಿಲ ನಾಕನೇ ದಿನಕ್ಕ ತಂದೆ. ಸಕ್ಕರಿ ಸಿಕ್ಕಿದ್ದಕ್ಕ ಯಾರೂ ಕೇಳಲಿಲ್ಲ. ಹಾಳಿಗೆ ಅರಿಶಿಣ ಹಚ್ಚೂದ ಅವತ್ತ ಬಂದ್ ಮಾಡಿದೆ. ಗುರುತ ಉಳೀತೈತಿ ನೋಡು."

ಅಣ್ಣಾಸಾಬನಿಗೆ ನಗು ಬಂತು. ನಗುವುದೋ ಬೇಡವೋ ಎಂದು ಮಾಸ್ತರರ ಮುಖ ನೋಡಿದ. ಹಸಿರು ಬಟ್ಟೆಯ ಕೆಳಗೆ ಅವರೇ ನಗುತ್ತಿದ್ದರು.

"ಕಸ್ತೂರೆವ್ವಗ ಯಾಕ ಹೇಳಲಿಲ್ರಿ?"

"ಹೇಳಾಕ ಹೋಗಿದ್ದೆ. ಕೂಸಿಗೆ ಇದನ್ನ ಹಾಡಿ ಮಲಗಿಸಾಕತ್ತಿದ್ಲು. ತಿರುಗಿ ಬಂದೆ." ಮಾಸ್ತರರು ಮತ್ತೆ ನಡೆಯತೊಡಗಿದರು. "ಇನ್ನ ಊರಾಗ ಇರತೀನಿ, ನಾಳೆಯಿಂದ ಮನಿಗೆ ಬಾ. ನಿನ್ನ ಪುಸ್ತಕ ಔ ಕ್ಕ ಮುಗದೈತಿ ಅಂತ ಸುಗಂಧಾ ಹೇಳ್ಯಾಳ. ನಾ ಕ ದಿಂದ ಹೇಳ್ತೀನಿ."

ಹೆಂಡತಿ ಮಾಸ್ತರರಿಗೆ ಫೋನು ಮಾಡಿದ್ದಳು ಎಂಬುದು ಅಣ್ಣಾಸಾಬನಿಗೆ ಹೀಗೆ ಗೊತ್ತಾಯಿತು.

ದಸರೆ ಮುಗಿದ ವಾರದಲ್ಲಿ ಶೈಲಾ ಹೆಣ್ಣುಕೂಸು ಹೆತ್ತಳು. ನೀಲಮ ಎಂದು ಹೆಸರಿಟ್ಟರು. ತಾಯಿ, ಕೂಸು ಇಬ್ಬರೂ ಅಣ್ಣಾಸಾಬ ಅರ್ಥ ಹೇಳಿದ ಹಾಗೆಯೇ ಆರಾಮ ಇದ್ದರು. ಅವನು ಮಾತ್ರ ಆ ಸುಗ್ಗಿಯೆಲ್ಲ ಹಗಲು ಚೀಟಿ ಬರೆದು, ಸಂಜೆ ಮಾಸ್ತರರ ಕಟ್ಟೆಯ ಮೇಲೆ ಕೂತು ಕ ದಿಂದ ಹ ವರೆಗೆ ಬೈಸಿಕೊಂಡ. ಕಂಧರ ಎಂದರೆ ಕುತ್ತಿಗೆ, ದನುಜ ಎಂದರೆ ರಾಕ್ಷಸ, ಶರಧಿ ಎಂದರೆ ಸಮುದ್ರ, ಶೋಣಿತ ಎಂದರೆ ರಕ್ತ. ಅವನ ಬಳಿ ಇದ್ದ ಅರ್ಧ ಭಾಷೆ ನಿಧಾನವಾಗಿ ಪೂರ್ತಿಯಾಯಿತು.

ಮರುವರ್ಷದ ಶ್ರಾವಣದಲ್ಲಿ ಮಾಸ್ತರರು ಹೊಸ ಕಣ್ಣು ಹೊತ್ತು ಕಂಬಕ್ಕೊರಗಿ ಕೂತರು, ಅರ್ಥಕ್ಕೆ ಅಣ್ಣಾಸಾಬನನ್ನೇ ಕೂಡಿಸಿದರು. ಈ ಸಲ ಆನೆ ಬಂದ ಕಡೆ ಆನೆ ಬಂತು, ಅರ್ಧ ನಿಮಿಷದಲ್ಲಿ ಹೋಯಿತು. ನಾಯಕ ನಾಲ್ಕನೇ ದಿನವೇ ಹುಟ್ಟಿದ. ಅರ್ಥ ಸ್ಪಷ್ಟವಾದಷ್ಟೂ ರುಕ್ಮವ್ವ ಹಿಂದಿನ ಸಾಲಿನಲ್ಲಿ ಮತ್ತೆ ತೂಕಡಿಸತೊಡಗಿದಳು.

ಹದಿನಾರನೇ ದಿನ ಕಸ್ತೂರೆವ್ವ ಮೊಮ್ಮಗಳನ್ನು ಹೊತ್ತು ಬಂದಳು. ಹತ್ತು ತಿಂಗಳ ನೀಲಮ ಕೆಟ್ಟ ಹಟ ಹಿಡಿದು ಅಳುತ್ತಿತ್ತು. ಶೈಲಾ ಎತ್ತಿದರೂ ನಿಲ್ಲಲಿಲ್ಲ, ಭರತ ಹೊರಗೆ ತಿರುಗಾಡಿಸಿದರೂ ನಿಲ್ಲಲಿಲ್ಲ. ಆ ಗದ್ದಲದ ನಡುವೆಯೇ ಭರಮು ಆ ಹಾಳೆಗೆ ಬಂದು, ಗಿರಣಿಯ ಕಂಠದಲ್ಲಿ ಎತ್ತಿದ. ಅರಿದು ಬಿಸುಟನು ದನುಜಕಂಧರ. ಕೂಸು ಥಟ್ಟನೆ ಅಳು ನಿಲ್ಲಿಸಿತು. ಶರಧಿ ಶೋಣಿತವಾಗಲೊಡಲನು. ಕಣ್ಣು ಅರ್ಧ ಮುಚ್ಚಿತು. ಕುಸುಮವರ್ಷದಲಿ ಎನ್ನುವಷ್ಟರಲ್ಲಿ ಅಜ್ಜಿಯ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಿತ್ತು.

ಬಾಬಾಸಾಹೇಬರು ಎಂದಿನಂತೆ ಕೇಳಿದರು. "ಹೇಳಪಾ, ಇದರ ಅರ್ಥ ಏನು?"

ಅಣ್ಣಾಸಾಬ ಹಾಳೆ ನೋಡಿದ. ಒಂದೊಂದು ಪದವೂ ಈಗ ಅವನ ಜೊತೆ ಮಾತಾಡುತ್ತಿತ್ತು, ಯಾವುದೂ ಮುಚ್ಚಿಟ್ಟುಕೊಂಡಿರಲಿಲ್ಲ. ಹಾಳೆಯ ಅಂಚಿನಲ್ಲಿ ಅರಿಶಿಣದ ಐದು ಬೆರಳು ಹಾಗೆಯೇ ಇದ್ದವು. ಅವನು ತಲೆ ಎತ್ತಿ, ಕೂಸಿಗೆ ಎಚ್ಚರವಾಗದ ಹಾಗೆ ದನಿ ತಗ್ಗಿಸಿ ಹೇಳಿದ.

"ಕೂಸು ಮಲಗಿತು, ಅಂತ ಅರ್ಥ."

"ಹೋದ ವರ್ಷ ಹುಟ್ಟಿತು ಅಂದಿದ್ದೆಲ್ಲ?"

"ಹುಟ್ಟಿದ ಕೂಸು ಮಲಗಬೇಕಲ್ರಿ."

ಬಾಬಾಸಾಹೇಬರು ಕಂಬದ ಕಡೆ ತಿರುಗಿದರು. ಮಾಸ್ತರರು ಹೊಸ ಕಣ್ಣುಗಳಿಂದ ಅಜ್ಜಿಯ ಹೆಗಲ ಮೇಲಿನ ಕೂಸನ್ನು ನೋಡುತ್ತಿದ್ದರು.

"ಬರೋಬ್ಬರಿ ಐತಿ" ಎಂದರು.